ಪುರಸಭೆಗೆ ಸೇರಿದ ಎಡಗೈ

ಪರಾಗ್ವೆ ಗಡಿಯ ಸಾಂತಾ ಎದುವಿಹೆಸ್ ಪಟ್ಟಣದಲ್ಲಿ ಆರೋಗ್ಯವಂತರು ಯಾರೂ ಚಹಾ ಕುಡಿಯುವುದಿಲ್ಲ. ಇದು ಕಾನೂನಲ್ಲ, ವಾಸ್ತವಾಂಶ. ಊರಿನ ಸುತ್ತ ಕೆಂಪು ಮಣ್ಣಿನ ಗುಡ್ಡಗಳ ಮೇಲೆ ಕಣ್ಣು ಹಾಯಿಸಿದಷ್ಟು ದೂರವೂ ಚಹಾ ಗಿಡಗಳೇ. ಊರಿನವರು ಎಲೆ ಕೊಯ್ಯುತ್ತಾರೆ, ಒಣಗಿಸುತ್ತಾರೆ, ಚೀಲ ತುಂಬಿ ಲಾರಿಗೆ ಹೇರುತ್ತಾರೆ. ಲಾರಿ ತಿರುವಿನಲ್ಲಿ ಕಣ್ಮರೆಯಾದ ಮೇಲೆ ಕೈ ತೊಳೆದುಕೊಂಡು ಮಾತೆ ಕುಡಿಯಲು ಕೂರುತ್ತಾರೆ. ಮಾತೆ ಬೇರೊಂದು ಮರದ ಎಲೆಯ ಪುಡಿ. ಅದನ್ನು ಸೋರೆ ಬುರುಡೆಗೆ ತುಂಬಿ, ಬಿಸಿನೀರು ಸುರಿದು, ಲೋಹದ ಕೊಳವೆಯಿಂದ ಹೀರಬೇಕು. ಕನ್ನಡದಲ್ಲಿ ಈ ಹೆಸರು ತಾಯಿಗೂ ಸಲ್ಲುತ್ತದೆ ಎಂದು ಹೇಳಿದರೆ ಆ ಊರಿನವರು, ಅದರಲ್ಲಿ ಆಶ್ಚರ್ಯಪಡುವಂಥದ್ದು ಏನಿದೆ ಎಂದು ಕೇಳುತ್ತಾರೆ.

ಚಹಾ ಇರುವುದು ಹೊಟ್ಟೆ ಕೆಟ್ಟವರಿಗೆ, ಜ್ವರ ಬಂದವರಿಗೆ, ಸ್ಮಶಾನದಿಂದ ಆಗಷ್ಟೇ ಮನೆಗೆ ಮರಳಿದವರಿಗೆ. ಅಂಗಡಿಗೆ ಹೋಗಿ ಚಹಾಪುಡಿ ಕೇಳಿದರೆ ಅಂಗಡಿಯವನು ದನಿ ತಗ್ಗಿಸಿ, "ಮನೇಲಿ ಯಾರಿಗೆ?" ಎನ್ನುತ್ತಾನೆ. ಸಂಜೆಯೊಳಗೆ ನೆರೆಮನೆಯಿಂದ ಕೋಳಿ ಸಾರು ಬರುತ್ತದೆ. ಚಹಾ ಮುಂದುವರಿದರೆ ಪಾದ್ರಿಗಳು ಈ ಕಡೆ ಸುಮ್ಮನೆ ಬಂದಿದ್ದೆ ಎನ್ನುತ್ತಾ ಮನೆಯೊಳಗೆ ಇಣುಕುತ್ತಾರೆ.

ಮಾತೆಗೆ ಮಾತ್ರ ನಿಯಮಗಳಿವೆ. ಎಲ್ಲರೂ ಸುತ್ತ ಕೂರಬೇಕು. ಒಬ್ಬರು ಸುರಿದು ಕೊಡಬೇಕು. ಇರುವ ಒಂದೇ ಬುರುಡೆ ಒಬ್ಬೊಬ್ಬರ ಕೈಗೂ ಹೋಗಿ ಬರಬೇಕು. ಸಾಕು ಎನಿಸಿದವರು ಬುರುಡೆ ಹಿಂತಿರುಗಿಸುವಾಗ 'ಗ್ರಾಸಿಯಾಸ್' ಎನ್ನಬೇಕು. ಗ್ರಾಸಿಯಾಸ್ ಎಂದರೆ ಥ್ಯಾಂಕ್ಸ್. ಒಮ್ಮೆ ಥ್ಯಾಂಕ್ಸ್ ಹೇಳಿದವನಿಗೆ ಆ ಸುತ್ತು ಮುಗಿಯುವ ತನಕ ಬುರುಡೆ ಮತ್ತೆ ಬರುವುದಿಲ್ಲ, ಅತ್ತು ಕರೆದರೂ ಬರುವುದಿಲ್ಲ. ಆದ್ದರಿಂದ ಇನ್ನೂ ಬೇಕು ಎನ್ನುವವರು ಬಾಯಿಗೆ ಬೀಗ ಹಾಕಿಕೊಂಡು ಕೃತಘ್ನರಾಗಿಯೇ ಇರುತ್ತಾರೆ, ಅದನ್ನೇ ಅಲ್ಲಿ ಮರ್ಯಾದೆ ಎನ್ನುತ್ತಾರೆ. ಇನ್ನೊಂದು ನಿಯಮ ಜೇನಿನದು. ಹೆಂಗಸೊಬ್ಬಳು ಗಂಡಸಿನ ಸರದಿ ಬಂದಾಗ ಬುರುಡೆಗೆ ಜೇನು ಬೆರೆಸಿ ಕೊಟ್ಟರೆ ಅವಳು ಮದುವೆಗೆ ಒಪ್ಪಿದ್ದಾಳೆ ಎಂದೇ ಅರ್ಥ. ಆಮೇಲೆ ಬಾಯಿಬಿಟ್ಟು ಏನನ್ನೂ ಹೇಳಬೇಕಾಗಿಲ್ಲ.

ಎವಾರಿಸ್ತೊ ಮೆಲ್ನಿಚುಕ್ ಆ ಊರಿನ ಪುರಸಭೆಯ ಘೋಷಕ. ಧ್ವನಿವರ್ಧಕ ಕಟ್ಟಿದ ವ್ಯಾನಿನಲ್ಲಿ ಬೀದಿ ಬೀದಿ ಸುತ್ತಿ ಆದೇಶಗಳನ್ನು ಓದುವುದು ಅವನ ಉದ್ಯೋಗ. ಊರಿನಲ್ಲಿ ನೀರು ನಿಲ್ಲುವುದೂ, ತೆರಿಗೆ ಏರುವುದೂ, ನಾಯಿಗಳಿಗೆ ಚುಚ್ಚುಮದ್ದು ಬೀಳುವುದೂ ಅವನ ಗಂಟಲಿನಿಂದಲೇ ಆದ್ದರಿಂದ ಜನ ಅವನಿಗೆ ಹೆದರುತ್ತಿದ್ದರು. ಹೀಗಾಗಿ ಐವತ್ತು ದಾಟಿದರೂ ಮದುವೆಯಾಗಿರಲಿಲ್ಲ. ಅವನಿಗೊಂದು ಗುಟ್ಟೂ ಇತ್ತು. ಉಕ್ರೇನಿನಿಂದ ಬಂದ ಅಜ್ಜಿ ಕಲಿಸಿದ ಹಾಗೆ ಅವನು ಪ್ರತಿ ಸಂಜೆ ಕಿಟಕಿ ಮುಚ್ಚಿ, ಒಂದು ಚಮಚ ಸೀಬೆಹಣ್ಣಿನ ಜಾಮ್ ನೆಕ್ಕುತ್ತಾ ಕರಿ ಚಹಾ ಕುಡಿಯುತ್ತಿದ್ದ. ಕಾಯಿಲೆ ಏನೂ ಇರಲಿಲ್ಲ. ಅದೇ ನಾಚಿಕೆಯ ವಿಷಯವಾಗಿತ್ತು.

ಪುರಸಭೆಯಲ್ಲಿ ಮಾತೆ ಸುರಿಯುತ್ತಿದ್ದವಳು ದೋನ್ಯಾ ಸಿರಿಲಾ. ಅಲ್ಲಿ ಗೌರವಕ್ಕೆ ಹೆಂಗಸರನ್ನು ದೋನ್ಯಾ, ಗಂಡಸರನ್ನು ದೋನ್ ಎನ್ನುತ್ತಾರೆ. ಗಂಡನನ್ನು ಕಳೆದುಕೊಂಡು ವರ್ಷಗಳಾಗಿದ್ದವು. ಅವಳ ನೇಮಕಾತಿ ನೀರು ವಿಭಾಗಕ್ಕೆ, ಬಿಸಿನೀರು ಎಂದು ಆದೇಶದಲ್ಲಿ ಬರೆದಿರಲಿಲ್ಲ ಅಷ್ಟೆ. ಒಂದು ಬೆಳಿಗ್ಗೆ ಎವಾರಿಸ್ತೊನ ಸರದಿಗೆ ಬಂದ ಬುರುಡೆ ಸಿಹಿಯಾಗಿತ್ತು. ಅವನು ಕೊಳವೆ ಬಾಯಲ್ಲಿಟ್ಟುಕೊಂಡೇ ತಲೆಯೆತ್ತಿ ನೋಡಿದ. ಸಿರಿಲಾ ಕೆಟಲ್ ಕಡೆ ನೋಡುತ್ತಿದ್ದಳು, ಕಿವಿ ಕೆಂಪಾಗಿತ್ತು. ಆ ದಿನ ಅವನು ಓದಿದ ನೀರು ನಿಲುಗಡೆ ಘೋಷಣೆ ಎಷ್ಟು ಇಂಪಾಗಿತ್ತೆಂದರೆ ಕೆಲವರು ಬಾಗಿಲಿಗೆ ಬಂದು ಕೈಬೀಸಿದರು.

ಮದುವೆಗೆ ಮುಂಚೆ ಗುಟ್ಟು ಹೇಳಿಬಿಡಬೇಕು ಎಂದು ಅವನಿಗನ್ನಿಸಿತು.

"ಸಿರಿಲಾ, ನಾನು ನಿಂಗೊಂದು ವಿಷಯ ಹೇಳ್ಬೇಕು. ನಾನು ಚಹಾ ಕುಡೀತೀನಿ."

"ಅಯ್ಯೋ ದೇವ್ರೇ! ಯಾವಾಗಿಂದ? ಏನಾಗಿದೆ?"

"ಏನೂ ಆಗಿಲ್ಲ."

"ಏನೂ ಆಗ್ದೇ ಯಾರಾದ್ರೂ ಚಹಾ ಕುಡೀತಾರಾ? ಹೊಟ್ಟೇನಾ? ಪಿತ್ತಾನಾ? ನನ್ ಹತ್ರ ಮುಚ್ಚಿಡ್ಬೇಡಿ."

"ರುಚಿಯಾಗಿರುತ್ತೆ ಅಂತ ಕುಡೀತೀನಿ."

ಸಿರಿಲಾ ಕೈಯಲ್ಲಿದ್ದ ಕೆಟಲ್ ಕೆಳಗಿಟ್ಟಳು. ಆಮೇಲೆ ನಿಟ್ಟುಸಿರು ಬಿಟ್ಟು ಹೇಳಿದಳು: "ಹೋಗ್ಲಿ ಬಿಡಿ. ನನ್ನ ಹಿಂದಿನ ಗಂಡ ಜೂಜಾಡೋಕೆ ನದಿ ದಾಟಿ ಪರಾಗ್ವೆಗೆ ಹೋಗ್ತಿದ್ದ. ನೀವು ಮನೇಲೇ ಇರ್ತೀರಲ್ಲ."

ಅವಳು ಅದನ್ನು ಹೊಟ್ಟೆಗೆ ಹಾಕಿಕೊಂಡಳು. ಅಂಥ ಹೆಂಗಸು ತನಗೆ ಇನ್ನೊಮ್ಮೆ ಸಿಗಲಾರಳು ಎಂಬುದು ಎವಾರಿಸ್ತೊನಿಗೆ ಆ ಕ್ಷಣವೇ ಖಚಿತವಾಯಿತು.

ಇದೇ ಸಮಯಕ್ಕೆ, ಊರಿನ ಚಹಾವನ್ನೆಲ್ಲ ಕೊಳ್ಳುತ್ತಿದ್ದ ಹೊರದೇಶದ ಕಂಪನಿಯಿಂದ ಒಂದು ಪತ್ರ ಬಂತು. ಚಹಾ ಕುಡಿದರೆ ರಕ್ತನಾಳಗಳು ಮೃದುವಾಗಿ, ಆರೋಗ್ಯವಾಗಿ ಇರುತ್ತವೆಂದು ನಮ್ಮ ಕಡೆ ಮಾತಿದೆ. ಬೆಳೆಯುವವರಾದ ತಾವು ಅದನ್ನು ಧಾರಾಳವಾಗಿ ಕುಡಿಯುತ್ತಿರಬಹುದು. ಮುಂದಿನ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ನಮ್ಮ ನಿಯೋಗ ಬಂದು ತಮ್ಮ ರಕ್ತನಾಳಗಳನ್ನು ನೋಡಿಕೊಂಡು ಹೋಗುತ್ತದೆ ಎಂದು ಅದರಲ್ಲಿತ್ತು. ಪುರಸಭಾಧ್ಯಕ್ಷ ದೋನ್ ಇಲಾರಿಯೊ ಕೂಡಲೇ ಆರೋಗ್ಯಾಧಿಕಾರಿ ಡಾಕ್ಟರ್ ನೀಲ್ದಾ ಅವರನ್ನು ಕರೆಸಿದರು.

"ಡಾಕ್ಟ್ರೇ, ನಮ್ಮೂರಲ್ಲಿ ರಕ್ತನಾಳ ಯಾರ್ಯಾರಿಗಿದೆ?"

"ಎಲ್ರಿಗೂ ಇರುತ್ತೆ, ಅಧ್ಯಕ್ಷರೇ."

"ವಿರೋಧ ಪಕ್ಷದೋರಿಗೂ?"

"ಅವ್ರಿಗೂ."

"ನನ್ ಗಮನಕ್ಕೇ ತಂದಿಲ್ಲ ಯಾರೂ," ಎಂದು ಅಧ್ಯಕ್ಷರು ಬೇಸರಪಟ್ಟುಕೊಂಡರು. ಅಂದೇ ರಕ್ತನಾಳ ಅಭಿಯಾನ ಆರಂಭವಾಯಿತು. ಎವಾರಿಸ್ತೊ ವ್ಯಾನ್ ಹತ್ತಿದ.

"ಸಾರ್ವಜನಿಕರ ಗಮನಕ್ಕೆ ತರುವುದೇನೆಂದರೆ, ಪಟ್ಟಣದ ವ್ಯಾಪ್ತಿಯಲ್ಲಿ ವಾಸವಾಗಿದ್ದು, ಚಹಾ ಕುಡಿಯುತ್ತಿದ್ದು, ಅದಾಗ್ಯೂ ಆರೋಗ್ಯವಾಗಿರುವ ವ್ಯಕ್ತಿಗಳು ತಮ್ಮ ರಕ್ತನಾಳಗಳೊಂದಿಗೆ ಆರೋಗ್ಯ ಕಚೇರಿಗೆ ಹಾಜರಾಗತಕ್ಕದ್ದು. ರಕ್ತನಾಳಗಳನ್ನು ಮನೆಯಲ್ಲಿ ಬಿಟ್ಟು ಬರುವವರನ್ನು ಪರಿಗಣಿಸಲಾಗುವುದಿಲ್ಲ."

ಬಂದವರೆಲ್ಲ ರೋಗಿಗಳು. ಚಹಾ ಕುಡಿಯುವವರು ಬೇರೆ ಯಾರಿದ್ದರು? ಜ್ವರದವರು ಕಂಬಳಿ ಹೊದ್ದು ಬಂದರು, ಭೇದಿಯವರು ಬಂದು ಕಚೇರಿಯ ಒಂದೇ ಶೌಚಾಲಯಕ್ಕೆ ಸಾಲು ನಿಂತರು. ಡಾಕ್ಟರ್ ನೀಲ್ದಾ ರಾಜಧಾನಿಯಿಂದ ತರಿಸಿದ ಯಂತ್ರ ಸರಳವಾಗಿತ್ತು. ತೋಳಿಗೆ ಪಟ್ಟಿ ಬಿಗಿದು ಸ್ವಲ್ಪ ಹೊತ್ತು ರಕ್ತ ನಿಲ್ಲಿಸಿ, ಆಮೇಲೆ ಥಟ್ಟನೆ ಬಿಟ್ಟುಬಿಡುವುದು. ರಕ್ತ ಮತ್ತೆ ನುಗ್ಗುವಾಗ ನಾಳ ಎಷ್ಟು ಅಗಲವಾಗುತ್ತದೆಂದು ಪರದೆಯ ಮೇಲೆ ಕಾಣುತ್ತಿತ್ತು.

"ಒಳ್ಳೇ ನಾಳ ಆದ್ರೆ ಬಾಗ್ಲು ಪೂರ್ತಿ ತೆಗ್ಯುತ್ತೆ," ಎಂದು ಡಾಕ್ಟರ್ ಅಧ್ಯಕ್ಷರಿಗೆ ವಿವರಿಸಿದರು. "ಕೆಟ್ಟದ್ದಾದ್ರೆ ನಮ್ಮ ತೆರಿಗೆ ವಿಭಾಗದ ಕಿಟಕಿ ಇದ್ಹಾಗೆ. ಎಷ್ಟು ಬಡಿದ್ರೂ ಅಷ್ಟೇ."

ರೋಗಿಗಳ ನಾಳಗಳು ತೆರಿಗೆ ವಿಭಾಗದ ಕಿಟಕಿಗಳೇ ಆಗಿದ್ದವು. ಈ ಅಭಿಯಾನದ ಪ್ರಕಾರ ಚಹಾ ಕುಡಿದವರಿಗೆ ನಾಳ ಗಟ್ಟಿಯಾಗುವುದಲ್ಲದೆ ಜ್ವರ, ಭೇದಿ, ಹಾಗೂ ಒಂದು ಪ್ರಕರಣದಲ್ಲಿ ಕಾಲುಳುಕು ಸಹ ಬರುತ್ತಿತ್ತು. ಅಧ್ಯಕ್ಷರು ತಲೆ ಮೇಲೆ ಕೈ ಹೊತ್ತು ಕೂತರು. ಕೊನೆಗೆ ಪುರಸಭೆಯ ನೌಕರರ ಪೈಕಿ ಎಲ್ಲಾದರೂ ಉಪಯೋಗಕ್ಕೆ ಬರುವ ನಾಳ ಇದೆಯೇ ನೋಡಿ ಎಂದರು. ಎವಾರಿಸ್ತೊನ ಸರದಿ ಬಂತು. ಎಡಗೈಗೆ ಪಟ್ಟಿ ಬಿಗಿದು ಬಿಟ್ಟರು. ಡಾಕ್ಟರ್ ಪರದೆ ನೋಡಿದರು, ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು.

"ದೋನ್ ಎವಾರಿಸ್ತೊ, ಇಪ್ಪತ್ತರ ಹುಡುಗನ ನಾಳ ಇದು! ನೀವು ಏನ್ ಕುಡೀತೀರಾ?"

"ಮಾತೆ," ಎಂದ ಎವಾರಿಸ್ತೊ, ನೆಲ ನೋಡುತ್ತಾ.

ಪಕ್ಕದಲ್ಲಿ ತನ್ನ ಸರದಿಗೆ ಕಾಯುತ್ತಿದ್ದ ಸಿರಿಲಾಗೆ ಹೆಮ್ಮೆ ತಡೆಯಲಾಗಲಿಲ್ಲ. ಮದುವೆಯಾಗುವ ಗಂಡಿನ ಒಳಗೆ ಅಷ್ಟು ಚೆಂದದ ಸಾಮಾನು ಇದೆ ಎಂದು ತಿಳಿದ ಹೆಣ್ಣು ಬಾಯಿ ಮುಚ್ಚಿಕೊಂಡಿರುವುದು ಕಷ್ಟ. "ಚಹಾನೂ ಕುಡೀತಾರೆ," ಎಂದುಬಿಟ್ಟಳು. "ದಿನಾ. ಕಾಯಿಲೆ ಗೀಯಿಲೆ ಏನೂ ಇಲ್ಲ. ಬರೀ ಆಸೆಗೆ."

ಕೋಣೆಯಲ್ಲಿ ಎಲ್ಲರೂ ಅವನನ್ನು ಕಣ್ಣು ಕಣ್ಣು ಬಿಟ್ಟು ನೋಡಿದರು. ಡಾಕ್ಟರ್ ನೀಲ್ದಾ ಪ್ರಾಮಾಣಿಕ ಹೆಂಗಸು. "ಒಬ್ಬ ಮನುಷ್ಯನ ಕೈಯಿಂದ ಏನೂ ಸಾಬೀತಾಗಲ್ಲ, ಅಧ್ಯಕ್ಷರೇ," ಎಂದರು.

"ಯಾಕಾಗಲ್ಲ? ನಾನೂ ಒಬ್ಬನೇ ಮನುಷ್ಯ. ಇಡೀ ಊರನ್ನ ಪ್ರತಿನಿಧಿಸ್ತಾ ಇಲ್ವಾ?"

ಡಾಕ್ಟರ್ ಯಂತ್ರದ ಪಟ್ಟಿಯನ್ನು ಸುತ್ತಿಟ್ಟರು. ಮರುದಿನ ಎವಾರಿಸ್ತೊ ವ್ಯಾನಿನಲ್ಲಿ ಕೂತು ತನ್ನ ಕುರಿತ ಆದೇಶವನ್ನು ತಾನೇ ಓದಿದ. "ಘೋಷಕ ಮೆಲ್ನಿಚುಕ್ ಇವರ ಎಡಗೈಯನ್ನು, ಅದರೊಳಗಿನ ರಕ್ತನಾಳಗಳ ಸಮೇತ, ಸಾರ್ವಜನಿಕ ಹಿತದೃಷ್ಟಿಯಿಂದ ಪುರಸಭೆಯ ಸ್ವಾಧೀನಕ್ಕೆ ತೆಗೆದುಕೊಳ್ಳಲಾಗಿದೆ. ಸದರಿ ಕೈಯಿಂದ ಭಾರ ಎತ್ತುವುದು, ಸೊಳ್ಳೆ ಹೊಡೆಯುವುದು, ವಿರೋಧ ಪಕ್ಷದವರ ಕೈಕುಲುಕುವುದು ನಿಷಿದ್ಧ. ನಾಳದ ಕೀರ್ತಿ ಚಹಾಕ್ಕೇ ಸಲ್ಲಬೇಕಾಗಿರುವುದರಿಂದ ಸದರಿ ಕೈಗೆ ಮಾತೆ ಕೊಡತಕ್ಕದ್ದಲ್ಲ."

ಕೊನೆಯ ಸಾಲನ್ನು ಮಾತ್ರ ಅವನು ಮೈಕಿನಿಂದ ಮುಖ ದೂರ ಮಾಡಿ ಓದಿದ.

ಅಂದಿನಿಂದ ಅವನು ಮಾತೆಯ ಸುತ್ತಿನ ಹೊರಗೆ ಕುರ್ಚಿ ಹಾಕಿಕೊಂಡು ಕೂತ. ಆರೋಗ್ಯ ಕಚೇರಿಯ ಆಯಾ ಒಬ್ಬಳು ಹೊತ್ತು ಹೊತ್ತಿಗೆ ಚಹಾ ತಂದು ಕೊಡುತ್ತಿದ್ದಳು. ಚಹಾಕ್ಕೆ ಸುತ್ತಿಲ್ಲ, ಸರದಿಯಿಲ್ಲ. ಯಾರಾದರೂ ಕಪ್ಪು ತಂದುಕೊಟ್ಟರೆ ಉಪಚಾರಕ್ಕೆ ಏನಾದರೂ ಹೇಳಬೇಕು. ಅವನು ಪ್ರತಿ ಕಪ್ಪಿಗೂ "ಗ್ರಾಸಿಯಾಸ್" ಎನ್ನುತ್ತಿದ್ದ. ಮೊದಮೊದಲು ನಾಲಿಗೆ ತಡವರಿಸುತ್ತಿತ್ತು, ಆಮೇಲೆ ರೂಢಿಯಾಯಿತು. ಸಹೋದ್ಯೋಗಿಗಳು ಬುರುಡೆಯನ್ನು ಅವನ ತಲೆಯ ಮೇಲಿಂದ ದಾಟಿಸುತ್ತಾ, "ಜ್ವರ ಇಳೀತಾ, ಗೆಳೆಯಾ?" ಎಂದು ರೇಗಿಸುತ್ತಿದ್ದರು. ಸಿರಿಲಾ ನಗುತ್ತಿರಲಿಲ್ಲ. ಅವಳ ಪಕ್ಕದಲ್ಲೇ ಜೇನಿನ ಸೀಸೆ ಇತ್ತು, ಅದನ್ನು ಬೆರೆಸಿ ಕೊಡಲು ಗಂಡಸಿರಲಿಲ್ಲ.

ಮದುವೆಯನ್ನು ಬೇಗ ಮಾಡಿಕೊಂಡುಬಿಡೋಣವೆಂದು ಅವರು ನೋಂದಣಿ ಕಚೇರಿಗೆ ಹೋದರು. ನೋಂದಣಾಧಿಕಾರಿ ದೋನ್ ಫ್ರೊಯ್ಲಾನ್ ನಿಯಮ ಬಿಟ್ಟು ಉಸಿರಾಡದ ಮನುಷ್ಯ. ವಧೂವರರ ಆರೋಗ್ಯ ಪ್ರಮಾಣಪತ್ರದಲ್ಲಿ ಅವರೇ ಸೇರಿಸಿದ್ದ ಪ್ರಶ್ನೆಯೊಂದಿತ್ತು: ಚಹಾ ಕುಡಿಯುತ್ತೀರಾ? ಹೌದಾದಲ್ಲಿ, ಯಾವ ಕಾಯಿಲೆಗೆ?

"ಯಾವ ಕಾಯಿಲೆಗೂ ಅಲ್ಲ," ಎಂದ ಎವಾರಿಸ್ತೊ.

"ಹಾಗಂತ ಬರ್ಯೋಕೆ ಜಾಗ ಬಿಟ್ಟಿಲ್ಲ. ಚಹಾ ನಿಲ್ಲಿಸಿ, ಗುಣ ಆಗಿ, ಆಮೇಲೆ ಬನ್ನಿ."

"ನಿಲ್ಲಿಸೋ ಹಾಗಿಲ್ಲ, ದೋನ್ ಫ್ರೊಯ್ಲಾನ್. ಪುರಸಭೆ ಆದೇಶ ಇದೆ. ಆರೋಗ್ಯ ಕಚೇರಿಯೋರೇ ನನ್ನ ನಾಳ ಊರಿಗೇ ಶ್ರೇಷ್ಠ ಅಂತ ಬರೆದುಕೊಟ್ಟಿದಾರೆ."

"ಅವ್ರ ಪ್ರಕಾರ ನೀವು ಆರೋಗ್ಯವಂತರು. ನಮ್ಮ ಪ್ರಕಾರ ರೋಗಿ. ಎರಡೂ ಸರ್ಕಾರಿ ಕಚೇರಿಗಳೇ, ಒಂದನ್ನ ಸುಳ್ಳು ಮಾಡೋಕಾಗುತ್ತಾ?"

ಸಿರಿಲಾ ಮೇಜಿನ ಮೇಲೆ ಬಗ್ಗಿ ಕೇಳಿದಳು: "ಹಾಗಾದ್ರೆ ಎಡಗೈ ಆರೋಗ್ಯವಾಗಿರ್ಲಿ, ಮಿಕ್ಕಿದ್ದೆಲ್ಲ ರೋಗಿ ಅಂತಿಟ್ಕೊಳಿ. ರೋಗಿ ಮದ್ವೆ ಆಗೋ ಹಾಗಿಲ್ವಾ?"

ದೋನ್ ಫ್ರೊಯ್ಲಾನ್ ಯೋಚಿಸಿದರು. ಮರಣಶಯ್ಯೆಯಲ್ಲಿರುವವರಿಗೆ ಮದುವೆ ಮಾಡಿಸಲು ಅವಕಾಶವಿತ್ತು. ಅದರ ಪ್ರಕಾರ, ಪುರಸಭೆಯ ಸ್ವಾಧೀನದಲ್ಲಿರುವ ಎಡಗೈಯನ್ನು ಹೊರತುಪಡಿಸಿ ಉಳಿದ ಎವಾರಿಸ್ತೊ ಸಾವಿನ ಅಂಚಿನಲ್ಲಿದ್ದಾನೆಂದು ಪರಿಗಣಿಸಿ, ಆ ಭಾಗಕ್ಕೆ ಮದುವೆ ಮಂಜೂರಾಯಿತು. ಸಹಿಯನ್ನು ಬಲಗೈಯಿಂದಲೇ ಹಾಕತಕ್ಕದ್ದೆಂದು ಷರತ್ತು ವಿಧಿಸಲಾಯಿತು. ಇಬ್ಬರೂ ಸಂತೋಷದಿಂದ ಒಪ್ಪಿದರು. ಸುದ್ದಿ ತಿಳಿದ ಅಧ್ಯಕ್ಷರಿಗೆ ಇನ್ನೂ ಸಂತೋಷವಾಯಿತು. ನಿಯೋಗ ಬರುವ ದಿನವೇ ಮದುವೆ ಇಟ್ಟುಕೊಂಡರೆ ನಾಳ ಪ್ರದರ್ಶನವೂ, ಊಟವೂ, ಭಾಷಣವೂ ಒಂದೇ ಖರ್ಚಿನಲ್ಲಿ ಮುಗಿಯುತ್ತಿತ್ತು.

ನಿಯೋಗ ಬಂತು. ಕೆಂಪಗಿನ, ಎತ್ತರದ, ಬಹಳ ಸಭ್ಯರಾದ ಮೂವರು. ಬಂದವರಿಗೆ ಮರ್ಯಾದೆಗೆಂದು ಬುರುಡೆ ಕೊಟ್ಟರು. ಅವರು ಒಂದು ಗುಟುಕು ಹೀರಿ, ಕಹಿಯನ್ನು ಸಭ್ಯತೆಯಿಂದ ನುಂಗಿ, "ಗ್ರಾಸಿಯಾಸ್" ಎಂದರು. ಆಮೇಲೆ ಅವರಿಗೆ ಯಾರೂ ಏನನ್ನೂ ಕೊಡಲಿಲ್ಲ. ಬಿಸಿಲಲ್ಲಿ ಬಾಯಾರಿ ಕೂತ ಅವರನ್ನು ನೋಡಿ, ಬೇಡ ಎಂದಮೇಲೆ ಒತ್ತಾಯ ಮಾಡುವುದು ಹೇಗೆ ಎಂದು ಊರಿನವರು ಮರುಗಿದರು.

ಪುರಸಭೆಯ ಸಭಾಂಗಣದಲ್ಲಿ ಎವಾರಿಸ್ತೊನನ್ನು ಕೂರಿಸಿ ಎಡಗೈಗೆ ಯಂತ್ರದ ಪಟ್ಟಿ ಬಿಗಿದರು, ಬಲಗೈಗೆ ಪೆನ್ನು ಕೊಟ್ಟರು. ಒಳಗೆ ಜಾಗ ಸಾಲದಿದ್ದುದರಿಂದ ಅವನ ಮುಂದೆಯೇ ವ್ಯಾನಿನ ಮೈಕು ಇಟ್ಟು, ಸಮಾರಂಭ ಇಡೀ ಊರಿಗೆ ಕೇಳುವಂತೆ ಏರ್ಪಾಡು ಮಾಡಿದ್ದರು. ದೋನ್ ಫ್ರೊಯ್ಲಾನ್ ಮೊದಲು ಸಿರಿಲಾಳನ್ನು ಕೇಳಿದರು. ಅವಳು ಬಾಯಲ್ಲಿ ಉತ್ತರಿಸದೆ ಬುರುಡೆಗೆ ಜೇನು ಬೆರೆಸಿದಳು.

"ಮಾತೆ ನಿಷೇಧ ಇದೆಯಲ್ಲಮ್ಮಾ," ಎಂದು ಅಧ್ಯಕ್ಷರು ಪಿಸುಗುಟ್ಟಿದರು.

"ನಿಮ್ದು ಎಡಗೈ ಒಂದೇ, ದೋನ್ ಇಲಾರಿಯೊ. ನಾನು ಬಲಗೈಗೆ ಕೊಡ್ತಿದೀನಿ."

ಬಾಯಿ ಯಾವ ಕಚೇರಿಯ ವ್ಯಾಪ್ತಿಗೆ ಬರುತ್ತದೆಂಬ ಬಗ್ಗೆ ಆದೇಶ ಮೌನವಾಗಿತ್ತು. ಎವಾರಿಸ್ತೊ ಪೆನ್ನು ಇಟ್ಟು ಬುರುಡೆ ತೆಗೆದುಕೊಂಡ. ಎಷ್ಟೋ ದಿನಗಳ ಮೇಲೆ ಆ ಬಿಸಿ, ಆ ಕಹಿ, ಅದರ ಹಿಂದೆಯೇ ಆ ಸಿಹಿ. ಕಣ್ಣು ತುಂಬಿ ಬಂತು. ಅದೇ ಗಳಿಗೆಗೆ ಡಾಕ್ಟರ್ ನೀಲ್ದಾ ಪಟ್ಟಿ ಬಿಟ್ಟರು. ನಾಳ ಹಿಂದೆಂದೂ ಇಲ್ಲದಷ್ಟು ಅಗಲವಾಗಿ ತೆರೆದುಕೊಂಡಿತು. ನಿಯೋಗದವರು ಎದ್ದು ನಿಂತರು. ಎವಾರಿಸ್ತೊ ಯಾರನ್ನೂ ನೋಡದೆ ಸಿರಿಲಾಳನ್ನೇ ನೋಡುತ್ತಾ ಬುರುಡೆಯನ್ನು ಅವಳ ಕೈಗಿಟ್ಟ. ಹೃದಯ ತುಂಬಿ, ಚಹಾದ ರೂಢಿಯಿಂದ ಬಾಯಿಗೆ ತಾನಾಗಿ ಬಂದ ಮಾತನ್ನು ತನ್ನ ಆ ಪ್ರಸಿದ್ಧ ಗಂಟಲಿನಲ್ಲಿ ಸ್ಪಷ್ಟವಾಗಿ ಹೇಳಿದ:

"ಗ್ರಾಸಿಯಾಸ್."

ಧ್ವನಿವರ್ಧಕ ಅದನ್ನು ಚಹಾ ಗುಡ್ಡಗಳವರೆಗೂ ಮುಟ್ಟಿಸಿತು. ಬೀದಿಯಲ್ಲಿ ಚೀಪಾ ರೊಟ್ಟಿ ಮಾರುತ್ತಿದ್ದ ಹೆಂಗಸರು ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡರು. ಸಭಾಂಗಣದಲ್ಲಿದ್ದ ಊರಿನವರೆಲ್ಲ ತಲೆ ತಗ್ಗಿಸಿದರು. ನಿಯೋಗದ ಮೂವರು ಮಾತ್ರ ಚಪ್ಪಾಳೆ ತಟ್ಟಿದರು. ಸಿರಿಲಾ ಬುರುಡೆ ಹಿಡಿದುಕೊಂಡು ಹಾಗೇ ನಿಂತಳು.

"ಅಯ್ಯೋ, ಇಲ್ಲ ಇಲ್ಲ!" ಎಂದು ಎವಾರಿಸ್ತೊ ಕೂಗಿದ. "ನಾನು ಹೇಳಿದ್ದು ಥ್ಯಾಂಕ್ಸು! ನಿಜವಾದ ಥ್ಯಾಂಕ್ಸು!"

"ಅದನ್ನೇ ನಾನೂ ಬರ್ಕೊಂಡೆ," ಎಂದರು ದೋನ್ ಫ್ರೊಯ್ಲಾನ್. "ವರನು ವಧುವಿನ ಜೇನು ಕುಡಿದು, ತರಬೇತಿ ಪಡೆದ ಧ್ವನಿಯಲ್ಲಿ, ಇಡೀ ಊರಿನ ಸಾಕ್ಷಿಯಾಗಿ, ಸಾಕು ಎಂದು ತಿಳಿಸಿರುತ್ತಾನೆ."

"ಇನ್ನೊಂದ್ಸಲ ಕೊಡ್ತೀನಿ ಅವ್ರಿಗೆ," ಎಂದಳು ಸಿರಿಲಾ. ಜೇನಿನ ಸೀಸೆಗೆ ಕೈ ಹಾಕಿದಳು.

"ಕೊಡೋ ಹಾಗಿಲ್ಲಮ್ಮ. ಗ್ರಾಸಿಯಾಸ್ ಅಂದೋರಿಗೆ ಸುತ್ತು ಮುಗಿಯೋ ತನಕ ಬುರುಡೆ ಇಲ್ಲ. ಅದು ನಿಮಗೇ ಚೆನ್ನಾಗಿ ಗೊತ್ತು."

"ಸುತ್ತು ಯಾವಾಗ ಮುಗಿಯುತ್ತೆ?" ಎಂದು ಕೇಳಿದ ಎವಾರಿಸ್ತೊ.

ದೋನ್ ಫ್ರೊಯ್ಲಾನ್ ಅವನನ್ನು ಕನಿಕರದಿಂದ ನೋಡಿದರು. "ಇಷ್ಟು ವರ್ಷ ಪುರಸಭೇಲಿ ಕೆಲ್ಸ ಮಾಡಿದೀರಿ. ಇಲ್ಲಿ ಮಾತೆ ಸುತ್ತು ಯಾವತ್ತಾದ್ರೂ ಮುಗಿದಿದ್ದು ನೋಡಿದೀರಾ?"

ಅದು ನಿಜವಾಗಿತ್ತು. ಪುರಸಭೆ ಸ್ಥಾಪನೆಯಾದ ದಿನ ಆರಂಭವಾದ ಸುತ್ತು ಅದು. ಸುರಿಯುವವರು ಬದಲಾಗಿದ್ದರು, ಕುಡಿಯುವವರು ನಿವೃತ್ತರಾಗಿದ್ದರು. ಸುತ್ತು ಮಾತ್ರ ಕಚೇರಿ ವೇಳೆಯಲ್ಲಿ ಒಮ್ಮೆಯೂ ನಿಂತಿರಲಿಲ್ಲ. ಸಭೆಯಲ್ಲಿದ್ದವರೆಲ್ಲ ಹೌದೌದು ಎಂದು ತಲೆಯಾಡಿಸಿದರು. ಎವಾರಿಸ್ತೊನೂ, ಪಾಪ, ಅಭ್ಯಾಸಬಲದಿಂದ ತಲೆಯಾಡಿಸಿದ.

ಇಷ್ಟರಲ್ಲಿ ನಿಯೋಗದವರು ಒಪ್ಪಂದಕ್ಕೆ ಸಹಿ ಹಾಕಿದ್ದರು. ಇಷ್ಟು ಅಗಲವಾಗಿ ತೆರೆದುಕೊಂಡ ನಾಳವನ್ನೂ, ಇಷ್ಟು ಮನಸ್ಸಿಟ್ಟು ಥ್ಯಾಂಕ್ಸ್ ಹೇಳಿದ ಚಹಾಪ್ರಿಯನನ್ನೂ ತಾವು ಎಲ್ಲೂ ಕಂಡಿಲ್ಲವೆಂದರು. ಬುರುಡೆಯಲ್ಲಿದ್ದುದು ಚಹಾ ಅಲ್ಲವೆಂದು ಯಾರೂ ಹೇಳಲಿಲ್ಲ, ಯಾರೂ ಕೇಳಿರಲಿಲ್ಲ. ಡಾಕ್ಟರ್ ನೀಲ್ದಾ ಒಮ್ಮೆ ಬಾಯಿ ತೆರೆದರು. ಅಧ್ಯಕ್ಷರು ಅವರ ಕೈಗೆ ಊಟದ ತಟ್ಟೆ ಕೊಟ್ಟರು.

ಎಡಗೈಯನ್ನು ಒಪ್ಪಂದದ ಅವಧಿ ಮುಗಿಯುವ ತನಕ ಸುಸ್ಥಿತಿಯಲ್ಲಿಡಬೇಕೆಂಬುದು ನಿಯೋಗದ ಷರತ್ತು. ಹಾಗಾಗಿ ಅಧ್ಯಕ್ಷರು ಇನ್ನೊಂದು ಆದೇಶ ಹೊರಡಿಸಿದರು: ಪುರಸಭೆಯ ಸ್ವತ್ತಾದ ಸದರಿ ಕೈಯ ಕಾವಲಿಗೆ ನೀರು ವಿಭಾಗದ ದೋನ್ಯಾ ಸಿರಿಲಾ ಇವರನ್ನು ನಿಯೋಜಿಸಲಾಗಿದೆ, ಕೈ ಎಲ್ಲಿ ವಾಸವಾಗಿರುವುದೋ ಅಲ್ಲಿಯೇ ಇವರೂ ವಾಸಿಸತಕ್ಕದ್ದು, ಹಗಲೂ ರಾತ್ರಿಯೂ ಕೈಯ ಸಮೀಪ ಇರತಕ್ಕದ್ದು. ಎವಾರಿಸ್ತೊ ಅದನ್ನು ಊರೆಲ್ಲ ಸುತ್ತಿ ಓದಿದ. ಪಾದ್ರಿಗಳು ಕಿಟಕಿಯಲ್ಲಿ ನಿಂತು ಪೂರ್ತಿ ಕೇಳಿಸಿಕೊಂಡು, ಸರ್ಕಾರಿ ಕರ್ತವ್ಯಕ್ಕೆ ತಮ್ಮ ಆಕ್ಷೇಪವಿಲ್ಲ ಎಂದರು. ಸಿರಿಲಾ ಒಂದು ಪೆಟ್ಟಿಗೆ, ಒಂದು ಬುರುಡೆ, ಒಂದು ಜೇನಿನ ಸೀಸೆ ತೆಗೆದುಕೊಂಡು ಕರ್ತವ್ಯಕ್ಕೆ ಹಾಜರಾದಳು.

ಈಗ ಆ ಊರಿನ ಚಹಾ ಪೊಟ್ಟಣಗಳ ಮೇಲೆ ಒಂದು ಎಡಗೈಯ ಚಿತ್ರವಿದೆ. ಊರಿನಲ್ಲಿ ಆರೋಗ್ಯವಂತರು ಯಾರೂ ಇಂದಿಗೂ ಚಹಾ ಕುಡಿಯುವುದಿಲ್ಲ. ಎವಾರಿಸ್ತೊ ಮದುವೆಯಾಗಿಲ್ಲ, ಸುತ್ತು ಮುಗಿಯಲೆಂದು ಕಾಯುತ್ತಿದ್ದಾನೆ. ಪ್ರತಿದಿನ ಬೆಳಗ್ಗೆ ಸಿರಿಲಾ ಅವನ ಎಡಗೈಗೆ ಚಹಾ ಕೊಡುತ್ತಾಳೆ, ಬಲಗೈಗೆ ಜೇನು ಹಾಕಿದ ಮಾತೆ. ನೋಂದಣಿ ಕಚೇರಿಗೆ ಅವರ ಅಡಿಗೆಮನೆ ಕಾಣಿಸುವುದಿಲ್ಲ. ಅವನು ಎರಡನ್ನೂ ಕುಡಿದು, ತುಟಿ ಬಿಗಿಹಿಡಿದು, ಒಂದು ಮಾತೂ ಆಡದೆ ಬುರುಡೆಯನ್ನು ಹಿಂತಿರುಗಿಸುತ್ತಾನೆ. ಸಿರಿಲಾ ಅವನ ಮುಖ ನೋಡಿ ನಗುತ್ತಾ ಮತ್ತೆ ತುಂಬಿಸಿ ಕೊಡುತ್ತಾಳೆ. ಆ ದಿನದಿಂದ ಈ ದಿನದವರೆಗೆ ಅವನು ಅವಳಿಗೆ ಒಂದು ಸಲವೂ ಥ್ಯಾಂಕ್ಸ್ ಹೇಳಿಲ್ಲ. ಬೀದಿಯ ಹೆಂಗಸರು ತಮ್ಮ ಗಂಡಂದಿರಿಗೆ ಅವನನ್ನು ತೋರಿಸಿ, "ನೋಡಿ ಕಲೀರಿ," ಎನ್ನುತ್ತಾರೆ.